ಕೌನ್ಸೆಲಿಂಗ್ ಕೋಣೆಯಲ್ಲಿ ಇಬ್ಬರಿರುತ್ತಾರೆ: ಸಂಬಂಧಾಧಾರಿತ ಮನೋವಿಶ್ಲೇಷಣೆ ಮತ್ತು ಲೈಂಗಿಕ ಅಲ್ಪಸಂಖ್ಯಾತರು

"ಇದನ್ನು ಸರಿ ಮಾಡಬಹುದಾ ಡಾಕ್ಟ್ರೇ?" ಮಗ ಸಲಿಂಗಿ ಎಂದೋ, ಮಗಳು ತನ್ನನ್ನು ಹುಡುಗ ಎಂದುಕೊಂಡಿದ್ದಾಳೆ ಎಂದೋ ಗೊತ್ತಾದ ಮೇಲೆ ಮಂಗಳೂರಿನ, ಉಡುಪಿಯ, ಮಣಿಪಾಲದ ಮನೋವೈದ್ಯರ ಬಳಿ ಬರುವ ತಂದೆತಾಯಂದಿರ ಬಾಯಲ್ಲಿ ಮೊದಲು ಬರುವ ಮಾತು ಇದು. ಕೇಳುವವರಲ್ಲಿ ಕೆಟ್ಟವರು ಕಡಿಮೆ. ಹೆಚ್ಚಿನವರು ಹೆದರಿದವರು. ಊರಲ್ಲಿ ಗೊತ್ತಾದರೆ, ತಂಗಿಯ ಮದುವೆಗೆ ತೊಂದರೆಯಾದರೆ, ನಾವು ಹೋದ ಮೇಲೆ ಇವನನ್ನು ನೋಡಿಕೊಳ್ಳುವವರು ಯಾರು ಎಂಬ ಹೆದರಿಕೆ ಅವರದು.

ಈ ಪ್ರಶ್ನೆಗೆ ಮನೋವಿಶ್ಲೇಷಣೆ ಎಂಬ, ಮಾತಿನ ಮೂಲಕ ಮನಸ್ಸಿನ ಸುಪ್ತ ಭಾವನೆಗಳನ್ನು ಹುಡುಕುವ ಶಾಸ್ತ್ರ ಬಹಳ ಕಾಲ "ಮಾಡಬಹುದು" ಎಂದೇ ಉತ್ತರಿಸಿತ್ತು. ಆ ಉತ್ತರದಿಂದ ಆದ ಹಾನಿ ದೊಡ್ಡದು. ಆಮೇಲೆ ಅದೇ ಶಾಸ್ತ್ರದೊಳಗೆ ಒಂದು ಪಂಥ ಹುಟ್ಟಿ, ಪ್ರಶ್ನೆಯನ್ನೇ ಬೇರೆ ಕಡೆಗೆ ತಿರುಗಿಸಿತು: ಸರಿಯಾಗಬೇಕಾದ್ದು ಈ ಹುಡುಗನ ಒಳಗೆ ಇದೆಯೋ, ಅವನಿಗೂ ಅವನ ಸುತ್ತಲಿನವರಿಗೂ ನಡುವೆ ಇದೆಯೋ? ಆ ಸುತ್ತಲಿನವರಲ್ಲಿ ಎದುರು ಕುಳಿತ ಚಿಕಿತ್ಸಕನೂ ಒಬ್ಬ. ಈ ಪಂಥವೇ ರಿಲೇಶನಲ್ ಸೈಕೋಅನಾಲಿಸಿಸ್, ಸಂಬಂಧಾಧಾರಿತ ಮನೋವಿಶ್ಲೇಷಣೆ. ಕರಾವಳಿಯಂಥ, ಎಲ್ಲರಿಗೂ ಎಲ್ಲರ ಮನೆ ಗೊತ್ತಿರುವ ಊರಿನಲ್ಲಿ ಈ ಚಿಂತನೆ ತುಂಬಾ ಉಪಯೋಗಕ್ಕೆ ಬರುತ್ತದೆ ಎಂದು ನಾನು ನಂಬಿದ್ದೇನೆ. ಅದಕ್ಕೇ ಈ ವಿವರಣೆ.

ಮೊದಲು ಸ್ವಲ್ಪ ಇತಿಹಾಸ. ಅದಿಲ್ಲದೆ ಈ ಪಂಥ ಯಾಕೆ ಬೇಕಾಯಿತು ಎನ್ನುವುದು ತಿಳಿಯುವುದಿಲ್ಲ.

ವಿಚಿತ್ರವೆಂದರೆ ಈ ಶಾಸ್ತ್ರವನ್ನು ಹುಟ್ಟುಹಾಕಿದ ಸಿಗ್ಮಂಡ್ ಫ್ರಾಯ್ಡ್ ಸ್ವತಃ ಈ ವಿಷಯದಲ್ಲಿ ತನ್ನ ಶಿಷ್ಯರಷ್ಟು ಕಠಿಣನಾಗಿರಲಿಲ್ಲ. 1905ರಲ್ಲಿ ಮೊದಲು ಬಂದ ಲೈಂಗಿಕತೆಯ ಕುರಿತ ಪ್ರಬಂಧಗಳಲ್ಲಿ ಮತ್ತು ಅವಕ್ಕೆ ಆಮೇಲೆ ಸೇರಿಸಿದ ಟಿಪ್ಪಣಿಗಳಲ್ಲಿ, ಎಲ್ಲ ಮನುಷ್ಯರಲ್ಲೂ ಎರಡೂ ಬಗೆಯ ಆಕರ್ಷಣೆಯ ಬೀಜ ಇರುತ್ತದೆ, ಗಂಡು ಹೆಣ್ಣಿನತ್ತ ಮಾತ್ರ ಸೆಳೆಯಲ್ಪಡುವುದಕ್ಕೂ ವಿವರಣೆ ಬೇಕು ಎಂದು ಆತ ಬರೆದಿದ್ದ. 1935ರಲ್ಲಿ ಅಮೆರಿಕದ ತಾಯಿಯೊಬ್ಬಳು ಮಗನ ಬಗ್ಗೆ ಬರೆದ ಪತ್ರಕ್ಕೆ ಉತ್ತರಿಸುತ್ತಾ, ಇದರಲ್ಲಿ ನಾಚಿಕೆಪಡುವಂಥದ್ದಿಲ್ಲ, ಇದು ದುಶ್ಚಟವಲ್ಲ, ಇದನ್ನು ಕಾಯಿಲೆ ಎಂದು ವರ್ಗೀಕರಿಸಲಾಗದು ಎಂದ. ಆದರೆ ಅದೇ ಪತ್ರದಲ್ಲಿ ಇದು ಲೈಂಗಿಕ ಬೆಳವಣಿಗೆ ಎಲ್ಲೋ ನಿಂತದ್ದರಿಂದ ಆಗುವುದು ಎಂಬರ್ಥದ ಮಾತನ್ನೂ ಸೇರಿಸಿದ. ಮುಂದಿನವರು ಹಿಡಿದುಕೊಂಡದ್ದು ಆ ಎರಡನೆಯ ಮಾತನ್ನು.

ಎರಡನೇ ಮಹಾಯುದ್ಧದ ಬಳಿಕ ಅಮೆರಿಕದ ಮನೋವಿಶ್ಲೇಷಕರು ಸಲಿಂಗಕಾಮವನ್ನು ನೇರವಾಗಿ ರೋಗ ಎಂದೇ ನೋಡತೊಡಗಿದರು. ಅರ್ವಿಂಗ್ ಬೀಬರ್ ಮತ್ತು ಸಂಗಡಿಗರು 1962ರಲ್ಲಿ ಪ್ರಕಟಿಸಿದ ಅಧ್ಯಯನ 106 ಸಲಿಂಗಕಾಮಿ ಗಂಡಸರನ್ನು ನೋಡಿ, ಅತಿಯಾಗಿ ಅಂಟಿಕೊಳ್ಳುವ ತಾಯಿ ಮತ್ತು ದೂರವಿರುವ ತಂದೆಯೇ ಕಾರಣ ಎಂದಿತು. ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಆ ಪ್ರಶ್ನಾವಳಿಗಳನ್ನು ತುಂಬಿದವರು ರೋಗಿಗಳಲ್ಲ, ಅವರ ವಿಶ್ಲೇಷಕರು. ಅಂದರೆ ನೋಡುವವನ ಕಣ್ಣಿನಲ್ಲಿ ಏನಿತ್ತೋ ಅದೇ ಅಂಕಿಅಂಶವಾಗಿ ಹೊರಬಂತು. ಇಂದಿಗೂ ನಮ್ಮಲ್ಲಿ "ಅಮ್ಮ ಮುದ್ದು ಮಾಡಿ ಹಾಳು ಮಾಡಿದ್ದು" ಎಂದು ತಾಯಂದಿರ ಮೇಲೆ ಬೊಟ್ಟು ಮಾಡುವಾಗ, ಈ ಹಳೆಯ ಸಿದ್ಧಾಂತದ ನೆರಳು ಅಲ್ಲಿರುತ್ತದೆ. ಹಾಗೆ ಹೇಳುವವರಿಗೆ ಬೀಬರ್‌ನ ಹೆಸರೂ ಗೊತ್ತಿರಲಿಕ್ಕಿಲ್ಲ.

1972ರಲ್ಲಿ ಡಲ್ಲಾಸ್‌ನಲ್ಲಿ ನಡೆದ ಅಮೆರಿಕನ್ ಮನೋವೈದ್ಯ ಸಂಘದ ಸಮ್ಮೇಳನದಲ್ಲಿ ಒಬ್ಬ ವೈದ್ಯ ಮುಖವಾಡ ಹಾಕಿ, ತನ್ನ ಅಳತೆಗೆ ಮೀರಿದ ಕೋಟು ತೊಟ್ಟು, ಧ್ವನಿ ಬದಲಿಸುವ ಮೈಕಿನಲ್ಲಿ ಮಾತಾಡಿದ: "ನಾನು ಸಲಿಂಗಕಾಮಿ. ನಾನು ಮನೋವೈದ್ಯ." ಆತ ಜಾನ್ ಫ್ರೈಯರ್. ಹೆಸರು ಹೇಳಿದರೆ ಕೆಲಸ ಹೋಗುವ ಕಾಲ ಅದು. ಮರುವರ್ಷ, 1973ರ ಡಿಸೆಂಬರಿನಲ್ಲಿ, ಸಂಘ ತನ್ನ ರೋಗಗಳ ಪಟ್ಟಿಯಿಂದ ಸಲಿಂಗಕಾಮವನ್ನು ತೆಗೆಯಿತು. ಇದನ್ನು ರದ್ದುಮಾಡಿಸಲು ಸದಸ್ಯರ ಮತದಾನ ಬೇಕೆಂದು ಪಟ್ಟುಹಿಡಿದವರ ಮುಂದಾಳುಗಳು ಮನೋವಿಶ್ಲೇಷಕರು. 1974ರ ಮತದಾನದಲ್ಲಿ ಶೇ. 58ರಷ್ಟು ಮಂದಿ ತೆಗೆದದ್ದೇ ಸರಿ ಎಂದರು. ಆದರೂ ಅಮೆರಿಕನ್ ಮನೋವಿಶ್ಲೇಷಣಾ ಸಂಘ ಸಲಿಂಗಿಗಳು ವಿಶ್ಲೇಷಕರಾಗಿ ತರಬೇತಿ ಪಡೆಯಬಹುದು ಎಂದು ವಿಧ್ಯುಕ್ತವಾಗಿ ಒಪ್ಪಿದ್ದು 1991ರಲ್ಲಿ. ಅದು ಕ್ಷಮೆ ಕೇಳಿದ್ದು 2019ರಲ್ಲಿ.

ಈ ವರ್ಷಗಳ ನಡುವಿನ ಅಂತರವನ್ನು ನೋಡಿ. ರೋಗವಲ್ಲ ಎಂದು ತೀರ್ಮಾನವಾದ ಮೇಲೂ ಹದಿನೆಂಟು ವರ್ಷ ಬಾಗಿಲು ಮುಚ್ಚಿಯೇ ಇತ್ತು. ಪಟ್ಟಿಯಿಂದ ಒಂದು ಹೆಸರನ್ನು ಅಳಿಸಿದ ಮಾತ್ರಕ್ಕೆ ಚಿಕಿತ್ಸಕನ ಮನಸ್ಸಿನೊಳಗಿನ ಅಸಹನೆ ಅಳಿಯುವುದಿಲ್ಲ. ಹಾಗಾದರೆ ಆ ಅಸಹನೆಯನ್ನು ಏನು ಮಾಡುವುದು? ಸಂಬಂಧಾಧಾರಿತ ಪಂಥದ ನಿಜವಾದ ಕೊಡುಗೆ ಇರುವುದು ಈ ಪ್ರಶ್ನೆಯಲ್ಲಿ.

ಆ ಪಂಥದ ಬೇರು ಇಬ್ಬರಲ್ಲಿದೆ. ಒಬ್ಬ ಹಂಗೇರಿಯ ಶಾಂಡೋರ್ ಫೆರೆನ್ಸಿ. ಫ್ರಾಯ್ಡ್‌ನ ಆಪ್ತನಾಗಿದ್ದ ಈತ 1906ರಷ್ಟು ಹಿಂದೆಯೇ ಬುಡಾಪೆಸ್ಟ್‌ನ ವೈದ್ಯರ ಮುಂದೆ ಸಲಿಂಗಕಾಮಿಗಳ ಪರವಾಗಿ ವಾದಿಸಿದ್ದ. 1932ರಲ್ಲಿ ಓದಿದ ಕೊನೆಯ ಪ್ರಬಂಧದಲ್ಲಿ ಆತ ಒಂದು ಕಹಿ ಸತ್ಯ ಹೇಳಿದ: ರೋಗಿಗಳು ವಿಶ್ಲೇಷಕನ ಬೇಸರ, ಅಸಹ್ಯ, ಆಯಾಸಗಳನ್ನೆಲ್ಲ ಗ್ರಹಿಸುತ್ತಾರೆ, ಆದರೆ ಬಾಯಿಬಿಟ್ಟು ಹೇಳುವುದಿಲ್ಲ. ವಿಶ್ಲೇಷಕ ಅದನ್ನು ಮುಚ್ಚಿಟ್ಟು ಸೌಜನ್ಯದ ಮುಖ ತೋರಿಸಿದರೆ, ಬಾಲ್ಯದಲ್ಲಿ ದೊಡ್ಡವರು ಮಾಡಿದ ಅನ್ಯಾಯವೇ ಮತ್ತೊಮ್ಮೆ ನಡೆಯುತ್ತದೆ. ತಪ್ಪನ್ನು ಒಪ್ಪಿಕೊಂಡರೆ ನಂಬಿಕೆ ಹುಟ್ಟುತ್ತದೆ. ಈ ಪ್ರಬಂಧ ಫ್ರಾಯ್ಡ್‌ಗೆ ಹಿಡಿಸಲಿಲ್ಲ. ಮರುವರ್ಷ ಫೆರೆನ್ಸಿ ತೀರಿಕೊಂಡ. ಆತನ ಮಾತುಗಳು ಎಷ್ಟೋ ವರ್ಷ ಮೂಲೆಗೆ ಬಿದ್ದಿದ್ದವು.

ಇನ್ನೊಬ್ಬ ಅಮೆರಿಕದ ಹ್ಯಾರಿ ಸ್ಟಾಕ್ ಸಲಿವನ್. ಮನಸ್ಸು ಎಂಬುದು ಒಬ್ಬನ ತಲೆಯೊಳಗೆ ಇರುವುದಲ್ಲ, ಮನುಷ್ಯ ಮನುಷ್ಯರ ನಡುವೆ ನಡೆಯುವುದು ಎಂದವನು. 1920ರ ದಶಕದಲ್ಲಿ ಮೇರಿಲ್ಯಾಂಡ್‌ನ ಆಸ್ಪತ್ರೆಯೊಂದರಲ್ಲಿ ತೀವ್ರ ಮನೋರೋಗದ ಯುವಕರಿಗಾಗಿ ಒಂದು ವಾರ್ಡು ನಡೆಸಿದ. ಶುಶ್ರೂಷಕರನ್ನು ತಾನೇ ಆರಿಸಿ, ಅಲ್ಲಿ ಯಾರೂ ಯಾರನ್ನೂ ಹೀಗಳೆಯದಂಥ ವಾತಾವರಣ ಕಟ್ಟಿದ. ಸಲಿವನ್ ಸ್ವತಃ ಪುರುಷ ಸಂಗಾತಿಯೊಂದಿಗೆ ಬಾಳಿದವನು. ಅದನ್ನು ಬಹಿರಂಗವಾಗಿ ಹೇಳಲು ಆ ಕಾಲ ಬಿಡಲಿಲ್ಲ.

ಈ ಎಳೆಗಳನ್ನೆಲ್ಲ ಸೇರಿಸಿದವರು ಸ್ಟೀಫನ್ ಮಿಚೆಲ್ ಮತ್ತು ಜೇ ಗ್ರೀನ್‌ಬರ್ಗ್. 1983ರಲ್ಲಿ ಬಂದ ಅವರ ಪುಸ್ತಕ ಮನೋವಿಶ್ಲೇಷಣೆಯ ಚಿಂತಕರನ್ನು ಎರಡು ದಾರಿಗಳಲ್ಲಿ ಗುರುತಿಸಿತು. ಒಂದು ದಾರಿಯಲ್ಲಿ ಮನುಷ್ಯನೆಂದರೆ ಒಳಗೆ ಕುದಿಯುವ ಕಾಮ, ಕ್ರೋಧಗಳ ಮೊತ್ತ. ಇನ್ನೊಬ್ಬರು ಅವುಗಳನ್ನು ತೀರಿಸಿಕೊಳ್ಳುವ ಸಾಧನ. ಇನ್ನೊಂದು ದಾರಿಯಲ್ಲಿ ಮನುಷ್ಯ ಮೊದಲಿನಿಂದಲೂ ಇನ್ನೊಬ್ಬರಿಗಾಗಿ ಹಂಬಲಿಸುವವನು; ತಾನು ಯಾರು ಎಂಬ ಅರಿವೇ ಅವನಿಗೆ ಸಂಬಂಧಗಳಲ್ಲಿ ಸಿಗುವುದು. 1988ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಈ ಪಂಥದ ಪ್ರತ್ಯೇಕ ಅಧ್ಯಯನ ಶುರುವಾಯಿತು, 1991ರಲ್ಲಿ ಅದರದೇ ಪತ್ರಿಕೆ ಬಂತು. ಮಿಚೆಲ್ 2000ರಲ್ಲಿ, ಐವತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡರು.

ದಾರಿ ಬದಲಾದದ್ದರಿಂದ ಚಿಕಿತ್ಸೆಯಲ್ಲಿ ಏನು ಬದಲಾಯಿತು? ಫ್ರಾಯ್ಡ್ 1912ರಲ್ಲಿ ವಿಶ್ಲೇಷಕರಿಗೆ ಕೊಟ್ಟ ಸಲಹೆ, ಕನ್ನಡಿಯಂತಿರಿ, ರೋಗಿ ತೋರಿಸಿದ್ದನ್ನು ಬಿಟ್ಟು ಬೇರೇನನ್ನೂ ತೋರಿಸಬೇಡಿ ಎಂದಿತ್ತು. ಸಂಬಂಧಾಧಾರಿತ ಪಂಥದವರು, ಅದು ಆಗುವ ಮಾತಲ್ಲ ಎಂದರು. ಎದುರು ಕುಳಿತವನಿಗೆ ವಯಸ್ಸಿದೆ, ಜಾತಿಯಿದೆ, ಲಿಂಗವಿದೆ, ಕೈಯಲ್ಲಿ ಮದುವೆಯ ಉಂಗುರವಿದೆ, ಗೋಡೆಯ ಮೇಲೆ ದೇವರ ಫೋಟೋ ಇದೆ. ಬಂದವನು ಎಲ್ಲವನ್ನೂ ಓದಿಕೊಳ್ಳುತ್ತಾನೆ. ಬಚ್ಚಿಟ್ಟುಕೊಂಡು ಬದುಕಿ ಅಭ್ಯಾಸವಿರುವವರಂತೂ ಒಂದೇ ನಿಮಿಷದಲ್ಲಿ ಓದುತ್ತಾರೆ, ಅವರ ಸುರಕ್ಷತೆ ಅದರ ಮೇಲೆಯೇ ನಿಂತಿರುತ್ತದೆ. ಆದ್ದರಿಂದ ಕೋಣೆಯಲ್ಲಿ ಇಬ್ಬರ ಮನಸ್ಸುಗಳೂ ಕೆಲಸ ಮಾಡುತ್ತಿರುತ್ತವೆ, ಇಬ್ಬರ ಸುಪ್ತ ಭಾವನೆಗಳೂ ಬೆರೆಯುತ್ತವೆ. ಚಿಕಿತ್ಸಕ ತಾನು ಹೊರಗೆ ನಿಂತು ನೋಡುತ್ತಿದ್ದೇನೆ ಎಂದುಕೊಂಡರೆ ಮೋಸ ಹೋಗುತ್ತಾನೆ.

ಇದನ್ನು ನಮ್ಮೂರಿಗೆ ತಂದು ನೋಡೋಣ. ಮುಂದೆ ಬರುವುದು ಯಾರೊಬ್ಬರ ಕಥೆಯೂ ಅಲ್ಲ, ವಿಷಯ ತಿಳಿಯಲಿ ಎಂದು ನಾನೇ ಕಟ್ಟಿದ್ದು.

ಕಾಪು ಕಡೆಯ ಒಬ್ಬ ಯುವಕ, ಮಂಗಳೂರಿನ ಬ್ಯಾಂಕೊಂದರಲ್ಲಿ ಕೆಲಸ. ನಿದ್ರೆ ಬರುವುದಿಲ್ಲ ಎಂದು ಕೌನ್ಸೆಲರ್ ಹತ್ತಿರ ಬಂದಿದ್ದಾನೆ. ಮೊದಲ ದಿನವೇ ಕೇಳುತ್ತಾನೆ:

"ನಿಮ್ಮ ಮನೆ ಎಲ್ಲಿ ಸರ್?"

"ಮೂಡುಬಿದಿರೆ ಹತ್ತಿರ."

"ಓ. ಅಲ್ಲಿ ನಮ್ಮ ದೊಡ್ಡಮ್ಮನ ಮನೆಯುಂಟು."

ಅಷ್ಟಕ್ಕೆ ಮಾತು ನಿಲ್ಲುತ್ತದೆ. ಕರಾವಳಿಯಲ್ಲಿ ಎಲ್ಲರೂ ಎಲ್ಲರಿಗೂ ಕೇಳುವ ಪ್ರಶ್ನೆ ಇದು. ಮನೆ ಎಲ್ಲಿ, ಯಾರ ಪೈಕಿ, ಆ ಇಂಥವರು ನಿಮಗೆ ಏನಾಗಬೇಕು. ಹಳೆಯ ಶೈಲಿಯ ವಿಶ್ಲೇಷಕನಾದರೆ ಉತ್ತರ ಕೊಡದೆ, "ಯಾಕೆ ಕೇಳುತ್ತಿದ್ದೀರಿ?" ಎನ್ನುತ್ತಿದ್ದ. ನಮ್ಮಲ್ಲಿ ಅದು ಒರಟುತನವಾದೀತು. ಉತ್ತರ ಕೊಟ್ಟರೂ ತಪ್ಪಲ್ಲ. ಆದರೆ ಹುಡುಗ ಇಲ್ಲಿ ಅಳೆಯುತ್ತಿರುವುದು ಒಂದೇ: ನಾನಿಲ್ಲಿ ಆಡಿದ ಮಾತು ಎಷ್ಟು ದೂರ ಹೋದೀತು?

ಮೂರನೆಯ ಭೇಟಿಯಲ್ಲಿ ಅವನೆನ್ನುತ್ತಾನೆ, "ರೂಮಲ್ಲಿ ನನ್ನ ಒಟ್ಟಿಗೆ ಒಬ್ಬ ಫ್ರೆಂಡ್ ಇದ್ದಾನೆ ಸರ್. ಅವನು ಊರಿಗೆ ಹೋದ ದಿವಸ ನಿದ್ರೆ ಇನ್ನೂ ಕಷ್ಟ." ಕೌನ್ಸೆಲರ್ ತಲೆಯಾಡಿಸಿ, "ಬ್ಯಾಂಕಲ್ಲಿ ಈಗ ಕ್ಲೋಸಿಂಗ್ ಅಲ್ವಾ, ಒತ್ತಡ ಜಾಸ್ತಿ ಇರಬೇಕು," ಎನ್ನುತ್ತಾನೆ. ಹುಡುಗ ಹೂಂಗುಟ್ಟುತ್ತಾನೆ. ಆಮೇಲಿನ ವಾರಗಳಲ್ಲಿ ಬ್ಯಾಂಕಿನ ವಿಷಯವೊಂದೇ. ಟಾರ್ಗೆಟ್, ಮ್ಯಾನೇಜರ್, ಟ್ರಾನ್ಸ್‌ಫರ್. ಹೇಳಿದ ಸಮಯಕ್ಕೆ ಬರುತ್ತಾನೆ, ಹೇಳಿದ ಅಭ್ಯಾಸ ಮಾಡುತ್ತಾನೆ, ಥ್ಯಾಂಕ್ಸ್ ಹೇಳಿ ಹೋಗುತ್ತಾನೆ. ಎಲ್ಲವೂ ಸಲೀಸು. ಕೌನ್ಸೆಲರ್‌ಗೆ ಮಾತ್ರ ಈ ಹುಡುಗ ಬಂದಾಗಲೆಲ್ಲ ಆಕಳಿಕೆ ಬರಲು ಶುರುವಾಗುತ್ತದೆ.

ಸಂಬಂಧಾಧಾರಿತ ತರಬೇತಿ ಪಡೆದವನು ಆ ಆಕಳಿಕೆಯನ್ನು ಹಿಡಿದುಕೊಳ್ಳುತ್ತಾನೆ. ಯಾಕೆ ಇವನ ಎದುರು ಮಾತ್ರ ಹೀಗೆ? ಹಿಂದೆ ಹೋಗಿ ಹುಡುಕಿದಾಗ ಆ "ಫ್ರೆಂಡ್" ಸಿಗುತ್ತಾನೆ. ಅಲ್ಲಿ ಮಾತು ತಿರುಗಿಸಿದ್ದು ತಾನು. ಯಾಕೆಂದರೆ ತನಗೇ ಮುಜುಗರವಾಗಿತ್ತು. ಮುಂದಿನ ಭೇಟಿಯಲ್ಲಿ ಆತ ಹೇಳುತ್ತಾನೆ, "ಸ್ವಲ್ಪ ವಾರದ ಹಿಂದೆ ನೀವು ನಿಮ್ಮ ಫ್ರೆಂಡ್ ಬಗ್ಗೆ ಹೇಳಿದ್ರಿ. ಆಗ ನಾನು ಮಾತು ಬ್ಯಾಂಕಿನ ಕಡೆಗೆ ತಿರುಗಿಸಿದೆ ಅಂತ ಈಗ ಅನಿಸ್ತಾ ಉಂಟು. ನಿಮಗೂ ಹಾಗೆ ಅನಿಸಿತ್ತಾ?"

ಹುಡುಗ ತುಂಬಾ ಹೊತ್ತು ಸುಮ್ಮನಿರುತ್ತಾನೆ. ಆಮೇಲೆ ಹೇಳುತ್ತಾನೆ: "ಮನೆಯಲ್ಲೂ ಹಾಗೆಯೇ ಸರ್. ಯಾರೂ ಬೈಯುವುದಿಲ್ಲ. ಬೇರೆ ವಿಷಯ ಮಾತಾಡ್ತಾರೆ ಅಷ್ಟೆ."

ಮನೆಯಲ್ಲಿ ನಡೆಯುತ್ತಿದ್ದುದೇ ಕೋಣೆಯಲ್ಲೂ ನಡೆಯಿತು. ಕೌನ್ಸೆಲರ್ ತನಗೆ ಗೊತ್ತಿಲ್ಲದೆಯೇ ಮನೆಯವರ ಪಾತ್ರ ವಹಿಸಿದ, ಹುಡುಗ ತನಗೆ ರೂಢಿಯಾದ ಒಳ್ಳೆಯ ಮಗನ ಪಾತ್ರ ವಹಿಸಿದ. ಇದನ್ನು ಈ ಪಂಥದವರು ಎನಾಕ್ಟ್‌ಮೆಂಟ್ ಎನ್ನುತ್ತಾರೆ: ಮಾತಿನಲ್ಲಿ ಹೇಳಲಾಗದ ಹಳೆಯ ಸಂಬಂಧವೊಂದು ಇಬ್ಬರ ನಡುವೆ ನಡೆದುಬಿಡುವುದು. ಅದು ಆಗದಂತೆ ತಡೆಯುವುದು ಅವರ ಗುರಿಯಲ್ಲ, ತಡೆಯಲು ಆಗುವುದೂ ಇಲ್ಲ. ಆದದ್ದನ್ನು ಇಬ್ಬರೂ ಸೇರಿ ನೋಡಲು ಸಾಧ್ಯವಾಗುವುದೇ ಚಿಕಿತ್ಸೆ. ಆ ಹುಡುಗನ ಬದುಕಿನಲ್ಲಿ ದೊಡ್ಡವರೊಬ್ಬರು "ನಾನು ಮಾತು ತಿರುಗಿಸಿದೆ" ಎಂದು ಒಪ್ಪಿಕೊಂಡದ್ದು ಬಹುಶಃ ಅದೇ ಮೊದಲು.

ಫಿಲಿಪ್ ಬ್ರೋಂಬರ್ಗ್ ಎಂಬ ವಿಶ್ಲೇಷಕರ ಚಿಂತನೆ ಇಲ್ಲಿ ಸಹಾಯಕ್ಕೆ ಬರುತ್ತದೆ. ಅವರ ಪ್ರಕಾರ ಯಾರ ಮನಸ್ಸೂ ಒಂದೇ ಗಟ್ಟಿ ತುಂಡಲ್ಲ. ಬ್ಯಾಂಕಿನಲ್ಲಿರುವ ನಾನು, ಅಮ್ಮನ ಎದುರಿನ ನಾನು, ಗೆಳೆಯನ ಜೊತೆಗಿನ ನಾನು ಬೇರೆ ಬೇರೆ. ಆರೋಗ್ಯವಾಗಿರುವುದೆಂದರೆ ಇವುಗಳ ನಡುವೆ ಓಡಾಡಲು ಸಾಧ್ಯವಾಗುವುದು. ಒಂದು "ನಾನು" ಯಾರ ಕಣ್ಣಿಗೂ ಎಂದೂ ಬೀಳಲೇಬಾರದು ಎಂದಾದಾಗ ಅದು ಕಡಿದುಹೋಗಿ ಒಳಗೇ ಉಳಿಯುತ್ತದೆ. ಕಾಪುವಿನ ಹುಡುಗನಿಗೆ ನಿದ್ರೆ ಬಾರದಿರುವುದು ಅವನು ಸಲಿಂಗಿ ಆಗಿರುವುದರಿಂದಲ್ಲ. ಅವನ ಬದುಕಿನ ಅತಿ ಮುಖ್ಯ ಪ್ರೀತಿಗೆ ಸಾಕ್ಷಿಯೇ ಇಲ್ಲದಿರುವುದರಿಂದ.

ಮಿಚೆಲ್ ಈ ವಿಷಯವಾಗಿ ಬರೆದ ಎರಡು ಲೇಖನಗಳು ಸಂಬಂಧಾಧಾರಿತ ಪಂಥಕ್ಕೆ ಹೆಸರು ಬರುವ ಮೊದಲಿನವು, ಒಂದು 1978ರದ್ದು, ಇನ್ನೊಂದು 1981ರದ್ದು. ನನ್ನ ದೃಷ್ಟಿಯಲ್ಲಿ ಇವು ಈಗಲೂ ಹರಿತ ಕಳೆದುಕೊಂಡಿಲ್ಲ. ಮೊದಲನೆಯದರ ವಾದ ಸರಳ. ಒಬ್ಬನ ಒಲವಿಗೆ ಬಾಲ್ಯದಲ್ಲಿ ಕಾರಣ ಸಿಕ್ಕಿತು ಎಂದೇ ಇಟ್ಟುಕೊಳ್ಳಿ. ಅಷ್ಟರಿಂದ ಅದು ರೋಗ ಎಂದಾಗುವುದಿಲ್ಲ. ಗಂಡು ಹೆಣ್ಣನ್ನು ಪ್ರೀತಿಸುವುದಕ್ಕೂ ಬಾಲ್ಯದಲ್ಲಿ ಕಾರಣಗಳಿರುತ್ತವೆ, ಅದನ್ನು ಯಾರೂ ರೋಗ ಎನ್ನುವುದಿಲ್ಲ. ಎರಡನೆಯದು ಇನ್ನೂ ಆಳವಾದದ್ದು. "ಗುಣವಾದರು" ಎಂದು ಹಳೆಯ ವಿಶ್ಲೇಷಕರು ಹೇಳಿಕೊಳ್ಳುತ್ತಿದ್ದ ರೋಗಿಗಳಿಗೆ ನಿಜವಾಗಿ ಏನಾಗಿತ್ತು ಎಂದು ಮಿಚೆಲ್ ಕೇಳುತ್ತಾರೆ. ವಿಶ್ಲೇಷಕ ತನಗೇನು ಬೇಕು ಎಂಬುದನ್ನು ಸ್ಪಷ್ಟಪಡಿಸಿದ್ದ: ಮದುವೆಯಾಗು. ತಂದೆಯ ಮೆಚ್ಚುಗೆಗಾಗಿ ಹಂಬಲಿಸಿ ಬೆಳೆದವನು ಈಗ ವಿಶ್ಲೇಷಕನ ಮೆಚ್ಚುಗೆಗಾಗಿ ತಲೆಬಾಗಿದ. ವಿಶ್ಲೇಷಣೆ ಬಿಡಿಸಬೇಕಾಗಿದ್ದ ಗಂಟೇ ಇದು; ಅದನ್ನೇ ಇನ್ನಷ್ಟು ಬಿಗಿದು, ಯಶಸ್ಸು ಎಂದು ಕರೆದರು.

ನಮ್ಮಲ್ಲಿ "ಮದುವೆ ಮಾಡಿದರೆ ಸರಿಯಾಗುತ್ತದೆ" ಎಂಬ ಸಲಹೆಗೂ ಇದೇ ಮಾತು ಅನ್ವಯಿಸುತ್ತದೆ. ಮದುವೆಯಾದವನು ತಲೆಬಾಗಿದ್ದಾನೆ ಅಷ್ಟೇ. ಅದರ ಭಾರ ಹೊರುವವರಲ್ಲಿ, ಏನೂ ತಿಳಿಯದೆ ಆ ಮನೆಗೆ ಬಂದ ಹುಡುಗಿಯೂ ಇರುತ್ತಾಳೆ. ಅವಳ ನೋವಿನ ಬಗ್ಗೆ ನಾವು ಮಾತಾಡುವುದು ತೀರಾ ಕಡಿಮೆ.

ಲಿಂಗತ್ವದ ವಿಷಯಕ್ಕೆ ಬಂದರೆ, ಇಲ್ಲಿ ದಾರಿ ತೋರಿದವರು ಈ ಪಂಥದ ಸ್ತ್ರೀವಾದಿಗಳು. ಜೆಸಿಕಾ ಬೆಂಜಮಿನ್ 1988ರಲ್ಲಿ ಬರೆದದ್ದು, ಮಗುವಿಗೆ ಹಾಲು, ಬಟ್ಟೆಯಷ್ಟೇ ಅಗತ್ಯವಾಗಿ ಬೇಕಾದದ್ದು ಮಾನ್ಯತೆ: ನೀನೂ ನನ್ನಂತೆ ಒಂದು ಸ್ವತಂತ್ರ ಜೀವ ಎಂದು ಇನ್ನೊಬ್ಬರು ಕಾಣುವುದು. ಅದು ಸಿಗದೆ ಹೋದಾಗ ಸಂಬಂಧಗಳು ಆಳುವವರು, ಆಳಿಸಿಕೊಳ್ಳುವವರು ಎಂಬ ಎರಡೇ ಪಾತ್ರಗಳಿಗೆ ಇಳಿಯುತ್ತವೆ. ವರ್ಜೀನಿಯಾ ಗೋಲ್ಡ್‌ನರ್, ಮ್ಯೂರಿಯಲ್ ಡೈಮನ್ ಮತ್ತು ಏಡ್ರಿಯನ್ ಹ್ಯಾರಿಸ್, ಗಂಡಸುತನ ಹೆಂಗಸುತನಗಳು ದೇಹದಿಂದ ತಾವಾಗಿ ಉಕ್ಕುವುದಿಲ್ಲ, ಸಂಬಂಧಗಳಲ್ಲಿ ನಿಧಾನವಾಗಿ ಕಟ್ಟಿಕೊಳ್ಳುತ್ತವೆ ಎಂದರು. ಪ್ರತಿ ಮಗುವೂ ಸಿಕ್ಕ ಸಾಮಗ್ರಿಯಿಂದ ತನ್ನದೇ ಒಂದನ್ನು ಕಟ್ಟಿಕೊಳ್ಳುತ್ತದೆ. ಕೆಲವರು ಕಟ್ಟಿಕೊಂಡದ್ದು ಸುತ್ತಲಿನವರ ನಿರೀಕ್ಷೆಗೆ ಹೊಂದುತ್ತದೆ, ಕೆಲವರದು ಹೊಂದುವುದಿಲ್ಲ. ಆದರೆ ಕಟ್ಟಿಕೊಳ್ಳುವ ಕೆಲಸ ಎಲ್ಲರದೂ ಒಂದೇ. ಟ್ರಾನ್ಸ್‌ಜೆಂಡರ್ ವ್ಯಕ್ತಿಯ ಲಿಂಗತ್ವಕ್ಕೆ ಮಾತ್ರ ವಿವರಣೆ ಕೇಳುವುದು, ಉಳಿದವರದು ಸಹಜ ಎಂದು ಬಿಟ್ಟುಬಿಡುವುದು ಈ ದೃಷ್ಟಿಯಲ್ಲಿ ನಿಲ್ಲುವುದಿಲ್ಲ.

ಯಕ್ಷಗಾನದ ಸ್ತ್ರೀವೇಷ ನೋಡಿ ಬೆಳೆದ ನಮಗೆ ಇದು ಅರ್ಥವಾಗಲು ಕಷ್ಟವಾಗಬಾರದು. ಸ್ತ್ರೀವೇಷಧಾರಿ ಕಲಾವಿದರ ಲಿಂಗತ್ವದ ಬಗ್ಗೆ ವೇಷದಿಂದ ಏನನ್ನೂ ಊಹಿಸಬಾರದು, ಅದು ಅವರ ಕಲೆ. ನಾನು ಹೇಳುತ್ತಿರುವುದು ನೋಡುಗರ ಬಗ್ಗೆ. ರಂಗಸ್ಥಳದಲ್ಲಿ ದಮಯಂತಿಯೋ ಚಂದ್ರಮತಿಯೋ ಆಗಿ ಗಂಡಸೊಬ್ಬ ಸೆರಗು ಸರಿಪಡಿಸಿಕೊಂಡರೆ ಬೆಳಗಿನ ಜಾವದ ತನಕ ಕುಳಿತು ಕಣ್ಣೊರೆಸಿಕೊಳ್ಳುತ್ತೇವೆ. ಅದೇ ಹಾವಭಾವ ಮನೆಯ ಚಾವಡಿಯಲ್ಲಿ ಎಂಟು ವರ್ಷದ ಹುಡುಗನಲ್ಲಿ ಕಂಡರೆ "ಏನೋ ಅದು, ಹೆಣ್ಣಿನ ಹಾಗೆ" ಎಂದು ಗದರುತ್ತೇವೆ. ಆ ಹುಡುಗ ತನ್ನ ಬಗ್ಗೆ ಏನು ಕಲಿತ ಎಂಬುದು ನಮ್ಮ ಆ ಗದರಿಕೆಯಲ್ಲಿದೆ. ಕೆನ್ ಕಾರ್ಬೆಟ್ ಎಂಬ ವಿಶ್ಲೇಷಕರು ಇಂಥ ಹುಡುಗರ ಬಗ್ಗೆಯೇ ದೀರ್ಘವಾಗಿ ಕೆಲಸ ಮಾಡಿದವರು. ಹೆಣ್ಣುಹುಡುಗಿಯಂತಿರುವ ಹುಡುಗನನ್ನು ಕೆಟ್ಟುಹೋದ ಗಂಡಸು ಎಂದು ನೋಡುವ ಬದಲು, ಹುಡುಗತನದ್ದೇ ಒಂದು ಬಗೆಯಾಗಿ ನೋಡಬೇಕು ಎಂಬುದು ಅವರ ನಿಲುವು.

ಇನ್ನೊಂದು ಮಾತನ್ನು ಇಲ್ಲೇ ಹೇಳಬೇಕು. ಈ ಸಿದ್ಧಾಂತಗಳು ಹೆಚ್ಚಾಗಿ ನ್ಯೂಯಾರ್ಕಿನಲ್ಲಿ ಹುಟ್ಟಿದವು; ಅಲ್ಲಿನ ಮನೆಯೆಂದರೆ ಅಪ್ಪ, ಅಮ್ಮ, ಮಗು. ನಮ್ಮಲ್ಲಿ ಅಳಿಯಸಂತಾನದ ಕುಟುಂಬಗಳಲ್ಲಿ ಸೋದರಮಾವನ ಮಾತಿಗೆ ಅಪ್ಪನ ಮಾತಿಗಿಂತ ತೂಕವಿದ್ದ ಕಾಲ ತೀರಾ ಹಳೆಯದೇನಲ್ಲ. ಬಳಿ, ಅಂದರೆ ಕುಲ, ಮುಂದುವರಿಯುವುದು ಹೆಣ್ಣುಮಕ್ಕಳ ಮೂಲಕ. ಅಂಥ ಮನೆಯ ಒಬ್ಬಳೇ ಮಗಳು ತಾನು ಗಂಡಸನ್ನು ಮದುವೆಯಾಗಲಾರೆ ಎಂದರೆ, ಆಕೆ ಹೊರುವ ಅಪರಾಧಭಾವ ಇಡೀ ಕುಟುಂಬದ್ದು, ಮನೆಯ ದೈವದ ಎದುರೂ ತಲೆಯೆತ್ತಲಾಗದಂಥದ್ದು. ಕ್ರೈಸ್ತ ಕುಟುಂಬದ ಹುಡುಗನಿಗೆ ಅದು ತಪ್ಪೊಪ್ಪಿಗೆಯ ಪೀಠದ ಎದುರು ಬರುತ್ತದೆ, ಬ್ಯಾರಿ ಕುಟುಂಬದವಳಿಗೆ ಜಮಾತಿನ ಎದುರು. ಪುಸ್ತಕದ ತ್ರಿಕೋನವನ್ನು ಬಿಟ್ಟು ನಿಜವಾಗಿ ಇರುವ ಸಂಬಂಧಗಳನ್ನು ನೋಡಿ ಎಂದು ಹೇಳುವ ಪಂಥ ಇದಾದ್ದರಿಂದ, ಇದನ್ನು ನಮ್ಮ ಮಣ್ಣಿಗೆ ತರಲು ಅವಕಾಶವಿದೆ. ಹಾಗೆ ತರುವ ಕೆಲಸ ನಮ್ಮ ದೇಶಕ್ಕೆ ಹೊಸದೂ ಅಲ್ಲ. 1922ರಲ್ಲಿ ಕಲ್ಕತ್ತದಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿದ ಗಿರೀಂದ್ರಶೇಖರ ಬೋಸ್, ಪ್ರತಿ ಬಯಕೆಯ ಜೊತೆ ಅದರ ವಿರುದ್ಧದ ಬಯಕೆಯೂ ಇರುತ್ತದೆ, ಗಂಡಸಿನೊಳಗೆ ಹೆಣ್ಣಾಗುವ ಬಯಕೆಯೂ ಇದೆ, ಅದು ತನ್ನ ರೋಗಿಗಳಲ್ಲಿ ಸುಲಭವಾಗಿ ಕಾಣಸಿಗುತ್ತದೆ ಎಂದು ವಾದಿಸಿ, ಫ್ರಾಯ್ಡ್‌ನ ಜೊತೆಗೇ ಭಿನ್ನಾಭಿಪ್ರಾಯ ತಾಳಿದ್ದರು.

ಕಾನೂನು ಈಗ ಎಲ್ಲಿದೆ? 2014ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಗುರುತನ್ನು ಮಾನ್ಯ ಮಾಡಿತು. 2018ರ ಸೆಪ್ಟೆಂಬರ್ 6ರಂದು ಆಗಿನ ಭಾರತೀಯ ದಂಡ ಸಂಹಿತೆಯ ಸೆಕ್ಷನ್ 377ರ ಅಡಿಯಲ್ಲಿ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು ಅಪರಾಧವೆನ್ನುವುದನ್ನು ತೆಗೆದುಹಾಕಿತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಲೈಂಗಿಕ ಒಲವಿನ ಆಧಾರದಲ್ಲಿ ಚಿಕಿತ್ಸೆಯಲ್ಲಿ ಭೇದ ಮಾಡಬಾರದು ಎನ್ನುತ್ತದೆ, ರೋಗಿಯ ವಿಷಯ ಗುಟ್ಟಾಗಿಡುವುದನ್ನು ಹಕ್ಕು ಎನ್ನುತ್ತದೆ. ಕರ್ನಾಟಕ 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ಶೇ. 1 ಮೀಸಲಾತಿ ಕೊಟ್ಟಿತು.

ಇವೆಲ್ಲದರ ನಡುವೆ ನನ್ನನ್ನು ಹೆಚ್ಚು ತಟ್ಟಿದ್ದು ಮದ್ರಾಸ್ ಹೈಕೋರ್ಟಿನ ಒಂದು ಪ್ರಕರಣ. ಮಧುರೈಯ ಇಬ್ಬರು ಯುವತಿಯರು ಮನೆಯವರ ಒತ್ತಡ ತಾಳದೆ ಚೆನ್ನೈಗೆ ಬಂದು ರಕ್ಷಣೆ ಕೇಳಿದ್ದರು. ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್, ಈ ವಿಷಯ ತನಗೆ ಪೂರ್ತಿ ಅರ್ಥವಾಗಿಲ್ಲ, ತನ್ನೊಳಗೂ ಪೂರ್ವಗ್ರಹಗಳಿವೆ ಎಂದು ಒಪ್ಪಿಕೊಂಡು, ತೀರ್ಪು ಬರೆಯುವ ಮೊದಲು ಸ್ವತಃ ಮನಶ್ಶಾಸ್ತ್ರಜ್ಞರೊಬ್ಬರ ಬಳಿ ಹೋಗಿ ಕುಳಿತರು. ಸಮುದಾಯದವರೊಂದಿಗೆ ಮಾತಾಡಿದರು. 2021ರ ಜೂನ್ ತಿಂಗಳ ಆದೇಶದಲ್ಲಿ ಒಲವನ್ನು ಬದಲಿಸುವ "ಚಿಕಿತ್ಸೆ"ಗಳನ್ನು ನಿಷೇಧಿಸಿದರು. ಅದರ ಬೆನ್ನಿಗೆ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ, ಇಂಥ ಚಿಕಿತ್ಸೆ ಮಾಡುವುದು ವೃತ್ತಿಪರ ದುರ್ನಡತೆ ಎಂದು ರಾಜ್ಯಗಳ ವೈದ್ಯಕೀಯ ಮಂಡಳಿಗಳಿಗೆ ತಿಳಿಸಿತು. ಮೇಲೆ ಕುಳಿತವನು ತನಗೂ ಇದರಲ್ಲಿ ಪಾಲಿದೆ ಎಂದು ಒಪ್ಪಿಕೊಂಡಾಗ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ. ಸಂಬಂಧಾಧಾರಿತ ಚಿಕಿತ್ಸಕ ತನ್ನ ಕೋಣೆಯಲ್ಲಿ ಪ್ರತಿದಿನ ಮಾಡಬೇಕಾದದ್ದನ್ನು ಅವರು ನ್ಯಾಯಪೀಠದಲ್ಲಿ ಮಾಡಿದರು.

ಈ ಪಂಥದ ಮೇಲೆ ಟೀಕೆಗಳೂ ಇವೆ, ಕೆಲವು ಸರಿಯಾದವು. ಚಿಕಿತ್ಸಕ ತನ್ನ ಭಾವನೆಗಳನ್ನು ಹೇಳಿಕೊಳ್ಳಬಹುದು ಎಂದಾದಾಗ, ಬಂದವನು ಚಿಕಿತ್ಸಕನನ್ನೇ ಸಮಾಧಾನಪಡಿಸುವ ಸ್ಥಿತಿ ಬರಬಹುದು. "ನಿಮ್ಮ ಬಗ್ಗೆ ನನಗೆ ಯಾವ ಭೇದವೂ ಇಲ್ಲ, ನನಗೂ ಇಂಥ ಫ್ರೆಂಡ್ಸ್ ಇದ್ದಾರೆ" ಎಂದು ಮೊದಲ ಭೇಟಿಯಲ್ಲೇ ಹೇಳುವ ಕೌನ್ಸೆಲರ್ ತನ್ನ ಮುಜುಗರಕ್ಕೆ ಮದ್ದು ಹುಡುಕುತ್ತಿದ್ದಾನೆ. ಕೇಳುವವನು ಇನ್ನು ಅವನ ಮೇಲೆ ಸಿಟ್ಟು ಮಾಡಿಕೊಳ್ಳುವ ಹಾಗೂ ಇಲ್ಲ. ಒಳಗೊಳ್ಳುವುದು ಎಂದರೆ ಸಿಟ್ಟಿಗೂ ಜಾಗ ಕೊಡುವುದು. ಕಾಪುವಿನ ಹುಡುಗ ಮುಂದೊಂದು ದಿನ "ನಿಮಗೆ ಎಂತ ಗೊತ್ತುಂಟು ಸರ್, ನೀವು ಸಂಜೆ ಹೆಂಡತಿಯ ಕೈಹಿಡಿದು ಪಣಂಬೂರು ಬೀಚಿಗೆ ಹೋಗುತ್ತೀರಿ" ಎಂದರೆ, ಕೌನ್ಸೆಲರ್ ತನ್ನನ್ನು ಸಮರ್ಥಿಸಿಕೊಳ್ಳದೆ ಅದನ್ನು ಕೇಳಿಸಿಕೊಳ್ಳಬೇಕು. ಹೌದು, ನಾನು ಹೋಗಬಹುದು, ನಿಮಗೆ ಆಗುವುದಿಲ್ಲ, ಇದು ಅನ್ಯಾಯ. ಅದನ್ನು ಒಪ್ಪಿಕೊಳ್ಳದೆ ಮುಂದೆ ಹೋಗಲಾಗುವುದಿಲ್ಲ.

ಖರ್ಚು ಇನ್ನೊಂದು ತೊಡಕು. ವರ್ಷಗಟ್ಟಲೆ ವಾರವಾರವೂ ನಡೆಯುವ ಚಿಕಿತ್ಸೆಗೆ ಹಣ, ರಜೆ, ಬಸ್ಸು ಎಲ್ಲವೂ ಬೇಕು. ಸುಳ್ಯದಿಂದಲೋ ಬೈಂದೂರಿನಿಂದಲೋ ಬರುವವರಿಗೆ ಅದು ಆಗುವ ಕೆಲಸವಲ್ಲ, ಭಿಕ್ಷೆಯನ್ನೇ ನೆಚ್ಚಿಕೊಂಡ ಮಂಗಳಮುಖಿಯರಿಗಂತೂ ದೂರದ ಮಾತು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಕನ್ನಡದಲ್ಲೇ ಕರೆ ಮಾಡಬಹುದು. ಅದು ದೀರ್ಘ ಚಿಕಿತ್ಸೆಗೆ ಬದಲಿಯಲ್ಲ, ಆದರೆ ಕೆಟ್ಟ ರಾತ್ರಿಯೊಂದನ್ನು ದಾಟಿಸಬಲ್ಲದು. ಮತ್ತು ಈ ಪಂಥದ ಮುಖ್ಯ ಪಾಠವನ್ನು ಜಿಲ್ಲಾಸ್ಪತ್ರೆಯ ಹತ್ತು ನಿಮಿಷದ ಭೇಟಿಯಲ್ಲೂ ಬಳಸಬಹುದು. ಎದುರಿನವನು ಮಾತು ನಿಲ್ಲಿಸಿದಾಗ, ಅವನಿಗೇನಾಯಿತು ಎಂದು ಕೇಳುವ ಮೊದಲು, ನಾನು ಈಗಷ್ಟೇ ಏನು ಮಾಡಿದೆ ಎಂದು ವೈದ್ಯ ತನ್ನನ್ನು ಕೇಳಿಕೊಳ್ಳಲು ಹತ್ತು ಸೆಕೆಂಡು ಸಾಕು.

ಚಿಕಿತ್ಸೆಗೆ ಹೋಗಬೇಕೆಂದಿರುವವರು ಮೊದಲ ಭೇಟಿಯಲ್ಲಿ, ಅಥವಾ ಅದಕ್ಕೂ ಮುಂಚೆ ಫೋನಿನಲ್ಲೇ, ನೇರವಾಗಿ ಕೇಳಿ: ಇದನ್ನು ನೀವು ಕಾಯಿಲೆ ಎಂದುಕೊಳ್ಳುತ್ತೀರಾ? ನನ್ನ ಮನೆಯವರು ಫೋನ್ ಮಾಡಿದರೆ ಏನು ಹೇಳುತ್ತೀರಿ? ನಿಮ್ಮ ಮೇಲೆ ನನಗೆ ಬೇಜಾರಾದರೆ ಹೇಳಬಹುದಾ? ಈ ಪ್ರಶ್ನೆಗಳಿಗೆ ತಡವರಿಸಿದರೂ ಪ್ರಾಮಾಣಿಕವಾಗಿ ಉತ್ತರಿಸುವವರು, ಥಟ್ಟನೆ ಬಾಯಿಪಾಠದ ಉತ್ತರ ಕೊಡುವವರಿಗಿಂತ ಮೇಲು. ಕೋಪಗೊಂಡರೆ ಎದ್ದು ಬನ್ನಿ.

ಇನ್ನು ಕೌನ್ಸೆಲರ್‌ಗಳ ಬಗ್ಗೆ. ವೈದ್ಯಕೀಯ ಆಯೋಗದ ನಿಯಮ ತಾಕುವುದು ವೈದ್ಯರಿಗೆ. ಒಂದು ಡಿಪ್ಲೊಮಾ ಮುಗಿಸಿ ಬೋರ್ಡು ಹಾಕಿದ ಎಷ್ಟೋ ಮಂದಿಯನ್ನು ಕೇಳುವವರಿಲ್ಲ. ಹೀಗಾಗಿ ಸೂಪರ್‌ವಿಷನ್, ಅಂದರೆ ತನ್ನ ಕೆಲಸವನ್ನು ಅನುಭವಿಯೊಬ್ಬರ ಮುಂದೆ ನಿಯಮಿತವಾಗಿ ತೆರೆದಿಡುವುದು, ಇಲ್ಲಿ ಇನ್ನಷ್ಟು ಮುಖ್ಯವಾಗುತ್ತದೆ. ಸಂಬಂಧಾಧಾರಿತ ಪಂಥದಲ್ಲಿ ಸೂಪರ್‌ವಿಷನ್‌ಗೆ ತರುವುದು ರೋಗಿಯ ವಿಷಯವನ್ನಷ್ಟೇ ಅಲ್ಲ. ಇವನು ಬಂದಾಗ ನನಗೇಕೆ ಆಕಳಿಕೆ ಬರುತ್ತದೆ, ಇವಳ ಗಿಡ್ಡ ಕೂದಲು ನೋಡಿ ನನಗೇಕೆ ಸಿಡುಕು, ಇವರನ್ನು ಯಾವ ಹೆಸರಿನಿಂದ ಕರೆಯಬೇಕೆಂದು ಗೊತ್ತಿದ್ದೂ ನನ್ನ ನಾಲಗೆ ಯಾಕೆ ಹಳೆಯ ಹೆಸರಿಗೇ ಹೋಗುತ್ತದೆ, ಇವೂ ಅಲ್ಲಿ ಚರ್ಚೆಯಾಗಬೇಕು. ಅದೇ ಊರಿನವರ ಮುಂದೆ ಹೇಳಲು ಕೌನ್ಸೆಲರ್‌ಗೂ ಸಂಕೋಚವಾದರೆ, ಈಗ ಬೇರೆ ಊರಿನ ಮೇಲ್ವಿಚಾರಕರ ಜೊತೆ ಆನ್‌ಲೈನಿನಲ್ಲಿ ಈ ಮಾತುಕತೆ ನಡೆಸಬಹುದು. ಮಂಗಳೂರಿನ, ಮಣಿಪಾಲದ ಕಾಲೇಜುಗಳಲ್ಲಿ ಸಮಾಜಕಾರ್ಯ, ಮನಶ್ಶಾಸ್ತ್ರ ಓದುತ್ತಿರುವ ಹುಡುಗ ಹುಡುಗಿಯರು ಕೋರ್ಸು ಮುಗಿಯುವ ಮೊದಲೇ ಇದನ್ನು ರೂಢಿಸಿಕೊಳ್ಳಲಿ ಎಂಬುದು ನನ್ನ ಕೋರಿಕೆ.